ಡ್ರಮ್ಮಿನ ನೀರಲ್ಲಿ ಪಾಸಾದ ಎರಡು ಎಂಜಿನ್ನು

ಮುಳಬಾಗಿಲಿನಲ್ಲಿ ಕೂತು ಸಮುದ್ರದ ದೋಣಿಯ ಬಗ್ಗೆ ಬರೆಯುತ್ತೇನೆ ಅಂದರೆ ನಗುವವರೇ ಜಾಸ್ತಿ. ನಮ್ಮ ಕಡೆ ದೊಡ್ಡ ನೀರು ಅಂದರೆ ಕೋಡಿ ಬಿದ್ದ ಕೆರೆ, ಅದೂ ಯಾವಾಗಲೋ ಒಂದು ಸಲ. ಆದರೆ ನಾನು ಇಪ್ಪತ್ತಾರು ವರ್ಷ ನೆಲ್ಲೂರಿನಿಂದ ಆಚೆ, ಸಮುದ್ರದ ದಡದ ಒಂದು ಸಣ್ಣ ಊರಿನಲ್ಲಿ ಮೀನುದೋಣಿಗಳ ಎಂಜಿನ್ ರಿಪೇರಿ ಮಾಡಿದವನು. ಕೆಲಸ ಬಿಟ್ಟು ಊರಿಗೆ ಬಂದು ಎರಡು ವರ್ಷವಾಯಿತು. ನಮ್ಮ ತಾಲ್ಲೂಕಿನ ಹುಡುಗರು ಈಗಲೂ ಆ ಕೆಲಸಕ್ಕೆ ಹೋಗುತ್ತಾರೆ. ಅವರಿಗೆ ತೆಲುಗು ಬರುತ್ತೆ, ಪಂಪ್‌ಸೆಟ್ಟು ಬಿಚ್ಚಿ ಜೋಡಿಸಿ ಕೈ ಪಳಗಿರುತ್ತೆ, ಬಸ್ಸು ಹತ್ತಿದರೆ ಒಂದು ದಿನದ ದಾರಿ. ಹೊರಡುವ ಮುಂಚೆ ಕೆಲವರು ನನ್ನ ಹತ್ತಿರ ಬಂದು, “ಚಲಪತಣ್ಣ, ಅಲ್ಲಿ ಏನೇನು ನೋಡ್ಕೋಬೇಕು?” ಅಂತ ಕೇಳುತ್ತಾರೆ. ಬಾಯಲ್ಲಿ ಹೇಳಿದ್ದು ಬಸ್ ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಮರೆತುಹೋಗುತ್ತೆ. ಅದಕ್ಕೇ ಬರೆದಿಡುತ್ತಿದ್ದೇನೆ. ನಾನು ಏಳನೇ ಕ್ಲಾಸಿಗೆ ಓದು ಬಿಟ್ಟವನು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಇನ್ನೊಂದು ಕಾರಣವೂ ಇದೆ. ನನ್ನ ತಮ್ಮ ಮುನಿರಾಜನಿಗೆ ಒಂದು ಹಳೆಯ ದೋಣಿಯನ್ನೂ ಅದರ ಎರಡು ಎಂಜಿನ್ನನ್ನೂ ಆರಿಸಿ ಕೊಡಿಸಿದವನು ನಾನು. ಅದರಲ್ಲಿ ನಾನು ಮಾಡಿದ ತಪ್ಪನ್ನು ಅವನ ತಲೆಗೆ ಕಟ್ಟಿದೆ. ಹನ್ನೊಂದು ವರ್ಷ ಬಾಯಿ ಬಿಡಲಿಲ್ಲ. ಈ ಕೆಲಸ ಏನು ಅಂತ ಹೇಳಹೊರಟವನು ಅದನ್ನು ಬಿಟ್ಟು ಹೇಳಿದರೆ ಉಳಿದದ್ದೆಲ್ಲ ಸುಳ್ಳಾಗುತ್ತೆ.

ನಾನು ಕೆಲಸ ಕಲಿತದ್ದು ಮುಳಬಾಗಿಲಿನ ಹೈವೇ ಪಕ್ಕದ ಬಾಷಾ ಮೇಸ್ತ್ರಿಯ ಶೆಡ್ಡಿನಲ್ಲಿ. ಆಗ ತೆರೆದ ಬಾವಿಗಳಲ್ಲಿ ಇನ್ನೂ ನೀರಿತ್ತು, ಡೀಸೆಲ್ ಪಂಪ್‌ಸೆಟ್ಟುಗಳು ದಿನಕ್ಕೆ ನಾಲ್ಕೈದು ಬರುತ್ತಿದ್ದವು. ಮೇಸ್ತ್ರಿ ಓದು ಬರಹ ಇಲ್ಲದ ಮನುಷ್ಯ, ಆದರೆ ದೂರದಲ್ಲಿ ಓಡುವ ಎಂಜಿನ್ನಿನ ಸದ್ದು ಕೇಳಿ “ಅದರ ವಾಲ್ವು ಹೋಗಿದೆ” ಅನ್ನುತ್ತಿದ್ದ. ಸ್ಪ್ಯಾನರಿಗಿಂತ ಮೊದಲು ಕಿವಿ ಉಪಯೋಗಿಸಬೇಕು ಅಂತ ಅವನ ಪಾಠ. “ಏನ್ಲಾ ಚಲಪತಿ, ಬಿಚ್ಚಕ್ಕೆ ಅವಸರ ಏನು? ಮೊದ್ಲು ಅದು ಏನ್ ಹೇಳ್ತಾ ಐತೆ ಕೇಳು,” ಅಂತ ತಲೆಗೆ ಮೊಟಕುತ್ತಿದ್ದ. ರಿಪೇರಿ ಮುಗಿದ ಮೇಲೆ ನಾವೇ ತೋಟಕ್ಕೆ ಹೋಗಿ ಪಂಪು ಕೂರಿಸಿ ಓಡಿಸಬೇಕು. ಪೈಪಿನ ಬಾಯಲ್ಲಿ ನೀರು ಬಂದ ಕೂಡಲೇ ರೈತ ಕೈಯೊಡ್ಡಿ ನೋಡಿ, “ಎರಡಿಂಚು ಐತೆ,” ಅಂದರೆ ಕೆಲಸ ಮುಗಿಯಿತು. ನಮ್ಮ ಕಡೆ ನೀರನ್ನು ಇಂಚಿನಲ್ಲೇ ಅಳೆಯುವುದು. ನೀರು ದಪ್ಪಗೆ ಬಂದರೆ ಎಂಜಿನ್ನು ಚೆನ್ನಾಗಿದೆ, ಸಣ್ಣಗೆ ಬಂದರೆ ಏನೋ ಕೆಟ್ಟಿದೆ. ಬೇರೆ ಪರೀಕ್ಷೆ ಇರಲಿಲ್ಲ. ಆ ಲೆಕ್ಕ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಸಮುದ್ರದ ದಡಕ್ಕೂ ಅದನ್ನೇ ಹೊತ್ತುಕೊಂಡು ಹೋದೆ.

ಬಾವಿಗಳು ಬತ್ತಿ ಬೋರ್‌ವೆಲ್ ಬಂದ ಮೇಲೆ ನಮ್ಮ ಶೆಡ್ಡಿಗೆ ಕೆಲಸ ಕಡಿಮೆಯಾಯಿತು. ಕೋಲಾರದ ಮಂಡಿಯಿಂದ ನೆಲ್ಲೂರಿನ ಕಡೆಗೆ ಟೊಮೇಟೊ ಒಯ್ಯುತ್ತಿದ್ದ ಲಾರಿ ಡ್ರೈವರ್ ಒಬ್ಬ, ಸಮುದ್ರದ ಊರುಗಳಲ್ಲಿ ಮೆಕ್ಯಾನಿಕ್ಕುಗಳಿಗೆ ಕಾಯುತ್ತಿದ್ದಾರೆ ಅಂದ. ಅವನ ಲಾರಿಯಲ್ಲೇ ಹೋದೆ. ಅಲ್ಲಿ ಪೆಂಚಲಯ್ಯ ಅನ್ನುವವರ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು. ಎತ್ತರದ ಆಳು, ಬಾಯಲ್ಲಿ ಸದಾ ಚುಟ್ಟಾ. ಬಂದ ಮೊದಲ ದಿನ ಒಂದು ಔಟ್‌ಬೋರ್ಡ್ ಎಂಜಿನ್ನು ತೋರಿಸಿದರು. ದೋಣಿಯ ಒಳಗೆ ಕೂರದೆ, ಹಿಂದಿನ ಹಲಗೆಗೆ ಹೊರಗಿನಿಂದ ಕಚ್ಚಿಸುವ ಎಂಜಿನ್ನು ಅದು. ತಲೆ ಮೇಲೆ, ಉದ್ದ ಕಾಲು ನೀರಿನೊಳಗೆ, ಕಾಲಿನ ತುದಿಯಲ್ಲಿ ನೀರು ತಳ್ಳುವ ರೆಕ್ಕೆ. ಆ ರೆಕ್ಕೆಗೆ ಅಲ್ಲಿಯವರು ಫ್ಯಾನು ಅನ್ನುತ್ತಾರೆ. ನನಗೆ ಅದು ನೆಟ್ಟಗೆ ನಿಲ್ಲಿಸಿದ ಪಂಪ್‌ಸೆಟ್ಟಿನ ಹಾಗೆ ಕಂಡಿತು. ಇಷ್ಟೇನಾ ಅಂದುಕೊಂಡೆ.

ಎರಡನೇ ವಾರದಲ್ಲಿ ಗೊತ್ತಾಯಿತು ಇಷ್ಟೇ ಅಲ್ಲ ಅಂತ. ಒಂದು ಎಂಜಿನ್ನಿಗೆ ಫ್ಯಾನು ಕೂರಿಸಿ ನಟ್ಟು ಬಿಗಿ ಮಾಡಿದೆ, ನಟ್ಟು ಬಿಚ್ಚಿಕೊಳ್ಳದ ಹಾಗೆ ಹಾಕುವ ಪಿನ್ನು ಮರೆತೆ. ದೋಣಿ ಸಮುದ್ರಕ್ಕೆ ಹೋಗಿ, ಹುಟ್ಟು ಹಾಕಿಕೊಂಡು ವಾಪಸ್ ಬಂತು. ಎಂಜಿನ್ನು ಓಡುತ್ತಿದೆ, ಫ್ಯಾನು ಇಲ್ಲ. ಪೆಂಚಲಯ್ಯಗಾರು ಎಲ್ಲರ ಮುಂದೆ, “ಏಮಯ್ಯಾ ಕೋಲಾರೂ, ಫ್ಯಾನು ಚೇಪಲಕಿ ಇಚ್ಚಾವಾ?” ಅಂದರು. ಸೆಖೆ ಅಂತ ಮೀನುಗಳಿಗೆ ಫ್ಯಾನು ಕೊಟ್ಟೆಯಾ ಅಂತ. ಅವತ್ತಿನಿಂದ ನಾನು ಅಲ್ಲಿ ಇರುವಷ್ಟು ಕಾಲ ನನ್ನ ಹೆಸರು ಕೋಲಾರು ಅಂತಲೇ ಆಯಿತು. ಆದರೆ ಆಮೇಲೆ ಒಂದು ಪಿನ್ನೂ ಮರೆಯಲಿಲ್ಲ. ಪೆಂಚಲಯ್ಯಗಾರು ಬೈದರೆ ಹಾಗೆ, ನಗು ಬರುತ್ತಿತ್ತು, ಮರೆಯುತ್ತಿರಲಿಲ್ಲ.

ಈಗ ಹಳೆಯ ದೋಣಿ ನೋಡುವುದು ಹೇಗೆ ಅಂತ ಹೇಳುತ್ತೇನೆ. ದಡ ಕಾಣದಷ್ಟು ದೂರ ಹೋಗುವ ಫೈಬರ್ ದೋಣಿಯ ಬಣ್ಣಕ್ಕೆ ಮರುಳಾಗಬೇಡಿ. ಬೆರಳ ಗೆಣ್ಣಿನಿಂದ ಮೈಯೆಲ್ಲ ಕುಟ್ಟುತ್ತಾ ಹೋಗಿ. ಗಟ್ಟಿ ಇರುವ ಕಡೆ ಟಣ್ ಅನ್ನುತ್ತೆ, ಒಳಗೆ ನೀರು ಕುಡಿದಿರುವ ಕಡೆ ಬೊದ್ ಅನ್ನುತ್ತೆ. ಎಂಜಿನ್ನು ಕಚ್ಚಿಸುವ ಹಿಂದಿನ ಹಲಗೆಯನ್ನು ಎರಡು ಸಲ ಕುಟ್ಟಿ. ಅದು ಕೊಳೆತಿದ್ದರೆ ಎಂಜಿನ್ನು ಎಷ್ಟು ಒಳ್ಳೆಯದಿದ್ದರೂ ಒಂದು ದಿನ ಹಲಗೆ ಸಮೇತ ನೀರಿಗೆ ಹೋಗುತ್ತೆ. ಎಂಜಿನ್ನಿನ ಮೇಲ್ಮುಚ್ಚಳದಲ್ಲಿ ಬರೆದ ಶಕ್ತಿಯನ್ನು ನಂಬಬೇಡಿ. ಒಬ್ಬ ಮುದುಕ ನಲವತ್ತು ಕುದುರೆಶಕ್ತಿಯದು ಅಂತ ಕೊಂಡು ತಂದ ಎಂಜಿನ್ನಿನ ಮುಚ್ಚಳ ಎತ್ತಿದರೆ ಕೆಳಗಿದ್ದದ್ದು ಇಪ್ಪತ್ತೈದರದು. ಮುಚ್ಚಳ ಮಾತ್ರ ಬೇರೆ ಎಂಜಿನ್ನಿನದು. ಅವನು ಸ್ವಲ್ಪ ಹೊತ್ತು ನೋಡಿ, “ನಮ್ಮ ಅಳಿಯನೂ ಹಿಂಗೇ ಬಾಬು, ಮೇಲಿನ ಟೋಪಿ ಮಾತ್ರ ದೊಡ್ಡದು,” ಅಂದ. ಕಾಲಿನ ಕೆಳಗಿನ ಗೇರ್ ಆಯಿಲ್ ಒಂದು ತೊಟ್ಟು ಇಳಿಸಿ ನೋಡಿ. ಅದು ಮಜ್ಜಿಗೆಯ ಬಣ್ಣಕ್ಕಿದ್ದರೆ ಒಳಗೆ ನೀರು ಹೋಗಿದೆ. ಬಿಡಿಭಾಗ ಹತ್ತಿರದ ಪೇಟೆಯಲ್ಲಿ ಸಿಗದ ಎಂಜಿನ್ನನ್ನು ಪುಕ್ಕಟೆ ಕೊಟ್ಟರೂ ತರಬೇಡಿ.

ದೂರ ಹೋಗುವವರು ಒಂದು ದೊಡ್ಡ ಎಂಜಿನ್ನು ಹಾಕಬೇಕೋ ಎರಡು ಸಣ್ಣದು ಹಾಕಬೇಕೋ ಅನ್ನುವುದು ದಡದಲ್ಲಿ ಮುಗಿಯದ ಜಗಳ. ಒಂದು ನಿಂತರೆ ಇನ್ನೊಂದರಲ್ಲಿ ಮನೆಗೆ ಬರಬಹುದು ಅಂತ ನಾನು ಯಾವಾಗಲೂ ಎರಡರ ಪಕ್ಷ. ಈಗಲೂ ಎರಡರ ಪಕ್ಷವೇ. ಆದರೆ ಆ ಎರಡು ಒಂದೇ ದೋಣಿಯಲ್ಲಿ ಒಂದೇ ಕಾಲ ದುಡಿದವಾಗಿದ್ದರೆ ಅದನ್ನು ಎರಡು ಅಂತ ಎಣಿಸಬೇಡಿ. ಒಂದಕ್ಕೆ ಬಂದ ಕಾಯಿಲೆ ಇನ್ನೊಂದಕ್ಕೂ ಅಷ್ಟೇ ಬಂದಿರುತ್ತೆ. ಒಂದು ಹಳೆಯದಾದರೆ ಇನ್ನೊಂದು ಹೊಸದಿರಲಿ, ಇಲ್ಲವೇ ಬೇರೆ ದೋಣಿಯದಿರಲಿ. ಇದನ್ನು ನಾನು ತಿಳಿದದ್ದು ತಡವಾಗಿ. ಹೇಗೆ ಅಂತ ಮುಂದೆ ಹೇಳುತ್ತೇನೆ.

ಇಷ್ಟೆಲ್ಲ ನೋಡಿದ ಮೇಲೆ ಕೊನೆಯ ಪರೀಕ್ಷೆ ಸಮುದ್ರದ ಮೇಲೆ. ಮೆಕ್ಯಾನಿಕ್ಕು ತಾನೇ ದೋಣಿ ಹತ್ತಿ, ಅಲೆ ದಾಟಿ, ತುಂಬಿದ ಭಾರದಲ್ಲಿ ಪೂರ್ತಿ ವೇಗಕ್ಕೆ ಅರ್ಧ ಗಂಟೆಯಾದರೂ ಓಡಿಸಿ ನೋಡಬೇಕು. ಡ್ರಮ್ಮಿನಲ್ಲಿ ನೀರು ತುಂಬಿ ಎಂಜಿನ್ನಿನ ಕಾಲು ಮುಳುಗಿಸಿ ಓಡಿಸುವುದು ಬರೀ ಸ್ಟಾರ್ಟ್ ಆಗುತ್ತಾ ಅಂತ ನೋಡುವುದಕ್ಕೆ.

ನಾನು ಇಪ್ಪತ್ತಾರು ವರ್ಷದಲ್ಲಿ ಸಮುದ್ರದ ಪರೀಕ್ಷೆಗೆ ಹೋದದ್ದು ಒಂದೇ ಒಂದು ಸಲ.

ಸೇರಿದ ಮೊದಲ ವರ್ಷ ಅದು. ದಡ ಬಿಟ್ಟ ಕೂಡಲೇ ಮೂರು ಸಾಲು ಅಲೆ ದಾಟಬೇಕು. ಮೊದಲನೆಯದಕ್ಕೆ ದೋಣಿಯ ಮೂತಿ ಆಕಾಶಕ್ಕೆ ಎದ್ದಿತು. ಎರಡನೆಯದಕ್ಕೆ ನಾನು ಹಿಂದಕ್ಕೆ ಬಿದ್ದು ಬಲೆಯ ಮೇಲೆ ಉರುಳಿದೆ. ಮೂರನೆಯದು ನೆನಪಿಲ್ಲ. ಆಮೇಲೆ ವಾಪಸ್ ಬರುವವರೆಗೆ ಹಲಗೆ ತಬ್ಬಿಕೊಂಡು ವಾಂತಿ ಮಾಡಿದೆ. ನನಗೆ ಈಜು ಬರುತ್ತೆ. ಊರ ಬಾವಿಗೆ ಮೇಲಿಂದ ಹಾರಿದವನು ನಾನು. ಆದರೆ ಬಾವಿಗೆ ಗೋಡೆ ಇರುತ್ತೆ. ನಾಲ್ಕು ಕೈ ಹಾಕಿದರೆ ಕಲ್ಲು ಸಿಗುತ್ತೆ. ಅಲ್ಲಿ ಯಾವ ಕಡೆ ನೋಡಿದರೂ ಕೈಗೆ ಸಿಗುವಂಥದ್ದು ಏನೂ ಇರಲಿಲ್ಲ. ಆ ಹೆದರಿಕೆ ಮತ್ತೆ ಹೋಗಲಿಲ್ಲ.

ಮುಂದಿನ ಸಲದಿಂದ ಉಪಾಯ ಮಾಡಿಕೊಂಡೆ. ಪರೀಕ್ಷೆಗೆ ದೋಣಿಯವರನ್ನೇ ಕಳಿಸುವುದು, ಬಂದ ಮೇಲೆ ಹೇಗೆ ಓಡಿತು, ಸದ್ದು ಹೇಗಿತ್ತು ಅಂತ ಕೇಳಿಕೊಳ್ಳುವುದು, ನಾನೇ ನೋಡಿದ ಹಾಗೆ ಹೇಳುವುದು. ಅವರೂ ಒಳ್ಳೆಯ ಕಿವಿಯವರು, ಅದಕ್ಕೆ ನಡೆದುಹೋಯಿತು. ನನ್ನ ಕೈಗುಣಕ್ಕೆ ಹೆಸರು ಬಂತು. ಕೋಲಾರು ನೋಡಿದ ಎಂಜಿನ್ನು ಅಂದರೆ ಕಣ್ಣುಮುಚ್ಚಿ ಕೊಳ್ಳುವವರಿದ್ದರು. ನಾನು ನೋಡುತ್ತಿದ್ದದ್ದು ಡ್ರಮ್ಮಿನಲ್ಲಿ ಅಂತ ಕೊಳ್ಳುವವರಿಗೆ ಗೊತ್ತಿರಲಿಲ್ಲ.

ಮುನಿರಾಜ ನನಗಿಂತ ಎಂಟು ವರ್ಷ ಚಿಕ್ಕವನು. ನಾನು ಹೋದ ಐದನೇ ವರ್ಷಕ್ಕೆ ಅವನೂ ಬಂದ. ನನ್ನ ಹಾಗೆ ಶೆಡ್ಡು ಸೇರಲಿಲ್ಲ, ಪೋಲಯ್ಯ ಅನ್ನುವವನ ದೋಣಿಯಲ್ಲಿ ಆಳಾಗಿ ಸಮುದ್ರಕ್ಕೆ ಹೋದ. ನಮ್ಮ ಮನೆಯಲ್ಲಿ ಯಾರಿಗೂ ಇಲ್ಲದ ಧೈರ್ಯ ಅವನಿಗೆಲ್ಲಿಂದ ಬಂತೋ. ಮೊದಲ ದಿನವೇ ಬಂದು, “ಅಣ್ಣಾ, ಅಲ್ಲಿ ಹೋದ್ರೆ ಸದ್ದೇ ಇಲ್ಲ ಕಣೋ, ನಮ್ ಎಂಜಿನ್ ಬಿಟ್ರೆ!” ಅಂತ ಕಣ್ಣರಳಿಸಿ ಹೇಳಿದ. ಕೆಲವು ವರ್ಷದಲ್ಲಿ ಚುಕ್ಕಾಣಿ ಅವನ ಕೈಗೆ ಬಂತು. ಮೀನುಗಾರರ ಮನೆಯಲ್ಲಿ ಹುಟ್ಟದವನಿಗೆ ಚುಕ್ಕಾಣಿ ಕೊಡುವುದು ಅಲ್ಲಿ ಸಣ್ಣ ಮಾತಲ್ಲ. ಪೋಲಯ್ಯನೇ, “ಇಬ್ಬರೂ ಸೇರಿ ಒಂದು ಹಳೆಯ ದೋಣಿ ಕೊಳ್ಳೋಣ, ನೀನೇ ನಡೆಸು,” ಅಂದ.

ದೋಣಿ ನೋಡಿದೆವು. ಮೈಯೆಲ್ಲ ಕುಟ್ಟಿದೆ, ಟಣ್ ಅಂದಿತು. ಹಿಂದಿನ ಹಲಗೆ ಗಟ್ಟಿ ಇತ್ತು. ಎಂಜಿನ್ನಿಲ್ಲದೆ ದೋಣಿ ಮಾತ್ರ ಕೊಳ್ಳಬಹುದಿತ್ತು. ಆದರೆ ಅದರ ಮೇಲೇ ಇದ್ದ ಎರಡು ಎಂಜಿನ್ನು ಮೊದಲಿಂದ ಜೊತೆಯಲ್ಲಿ ಓಡಿದವು, ಅಣ್ಣ ತಮ್ಮನ ಹಾಗೆ ಹೊಂದಿಕೊಂಡಿವೆ ಅಂತ ನಾನೇ ಹೇಳಿದೆ. ಅಷ್ಟರಲ್ಲಿ ಮುನಿರಾಜನ ಹೆಂಡತಿ ರತ್ನಮ್ಮನಿಗೆ ಹೆರಿಗೆ ಅಂತ ಮುಳಬಾಗಿಲಿನಿಂದ ಫೋನ್ ಬಂತು. ಅವನು ಬಸ್ಸು ಹತ್ತುವಾಗ, “ಎಂಜಿನ್ ಮಾತ್ರ ನೀನೇ ಸಮುದ್ರದಲ್ಲಿ ಓಡ್ಸಿ ನೋಡಣ್ಣ. ನೀನು ಹೂಂ ಅಂದ್ರೆ ನಂಗೆ ಸಾಕು,” ಅಂದ. ನಾನು ಹೂಂ ಅಂದೆ.

ಓಡಿಸುವ ದಿನ ಗಾಳಿ ಸ್ವಲ್ಪ ಜೋರಿತ್ತು. ಮಾರುವವನ ಕಡೆಯ ಆಳು ದೋಣಿಯಲ್ಲಿ ಕೂತು, “ರಾ ಕೋಲಾರೂ, ಪೋದಾಂ,” ಅಂತ ಕರೆದ. ನಾನು ಹತ್ತಲಿಲ್ಲ. ಇಲ್ಲೇ ನೋಡಿದರೆ ಸಾಕು ಅಂದೆ. ಎಂಜಿನ್ನುಗಳನ್ನು ಇಳಿಸಿ ಡ್ರಮ್ಮಿನ ಸಿಹಿನೀರಿನಲ್ಲಿ ಒಂದೊಂದಾಗಿ ಓಡಿಸಿದೆ. ಔಟ್‌ಬೋರ್ಡ್ ಎಂಜಿನ್ನು ಕೆಳಗಿನಿಂದ ನೀರು ಹೀರಿ ತನ್ನ ಮೈ ತಂಪು ಮಾಡಿಕೊಳ್ಳುತ್ತೆ. ಅದರಲ್ಲಿ ಒಂದಿಷ್ಟು ನೀರು ಪಕ್ಕದ ಸಣ್ಣ ತೂತಿನಿಂದ ಹೊರಗೆ ಚಿಮ್ಮುತ್ತೆ. ದಡದ ಹೆಂಗಸರೂ ಗಂಡಸರೂ ನಾಚಿಕೆಯಿಲ್ಲದೆ ಅದಕ್ಕೆ ಎಂಜಿನ್ನಿನ ಉಚ್ಚೆ ಅನ್ನುತ್ತಾರೆ. ಎರಡೂ ಎಂಜಿನ್ನಿನಲ್ಲಿ ಅದು ದಪ್ಪಗೆ, ಬಿಡದೆ ಚಿಮ್ಮಿತು. ನಾನು ಕೈಯೊಡ್ಡಿ ನೋಡಿದೆ. ನಮ್ಮ ಊರಿನ ರೈತರು ಪೈಪಿನ ಬಾಯಿಗೆ ಕೈಯೊಡ್ಡುವ ಹಾಗೆ. ನೀರು ಚೆನ್ನಾಗಿದೆ, ಎಂಜಿನ್ನು ಚೆನ್ನಾಗಿದೆ ಅಂದುಕೊಂಡೆ. ನೀರು ಕಂಡರೆ ನಂಬುವ ಸೀಮೆಯವನು ನಾನು. ಸಮುದ್ರದ ಜನ ಹಾಗೆ ನಂಬುತ್ತಿರಲಿಲ್ಲ. ಅವರಿಗೆ ನೀರು ಹೊಸದಲ್ಲ.

ಆ ಎಂಜಿನ್ನುಗಳಲ್ಲಿ ಪಕ್ಕದ ತೂತಿಗೆ ನೀರು ಬರುವುದು ಪಂಪಿನ ಹತ್ತಿರದಿಂದಲೇ. ಮೇಲೆ, ಬೆಂಕಿ ಉರಿಯುವ ಹೆಡ್ಡಿನ ಸುತ್ತ ಹೋಗುವ ದಾರಿ ಬೇರೆ. ವರ್ಷಗಟ್ಟಲೆ ಉಪ್ಪುನೀರು ಓಡಿ, ಸಿಹಿನೀರಲ್ಲಿ ತೊಳೆಯದೆ ಬಿಟ್ಟರೆ ಆ ದಾರಿಯಲ್ಲಿ ಉಪ್ಪು ಕಲ್ಲಿನ ಹಾಗೆ ಕಟ್ಟುತ್ತೆ. ಡ್ರಮ್ಮಿನಲ್ಲಿ ಹತ್ತು ನಿಮಿಷ ಮೆಲ್ಲಗೆ ಓಡಿಸಿದರೆ ತಿಳಿಯುವುದಿಲ್ಲ. ಅರ್ಧ ಗಂಟೆ ಭಾರದಲ್ಲಿ ಓಡಿಸಿದ್ದರೆ ದಡದ ಹತ್ತಿರವೇ ಕಾದು ನಿಲ್ಲುತ್ತಿತ್ತು.

ಮುನಿರಾಜ ವಾಪಸ್ ಬಂದ, ಹೆಣ್ಣು ಮಗು ಅಂತ ಎಲ್ಲರಿಗೂ ಸಿಹಿ ಹಂಚಿದ. ಆಮೇಲೆ ನನ್ನ ಕಡೆ ತಿರುಗಿ, “ಸಮುದ್ರದಲ್ಲಿ ಹೆಂಗೆ ಓಡ್ತಣ್ಣ?” ಅಂದ.

“ಬೆಣ್ಣೆ ಹಂಗೆ ಓಡ್ತು ಕಣೋ,” ಅಂದೆ.

ದೋಣಿ ಕೊಂಡ ಐದನೇ ದಿನ ನಾಲ್ಕು ಜನರನ್ನು ಕರೆದುಕೊಂಡು ದೂರ ಹೋದ. ಮಧ್ಯಾಹ್ನಕ್ಕೆ ಬರಬೇಕಾದ ದೋಣಿ ಸಾಯಂಕಾಲಕ್ಕೂ ಬರಲಿಲ್ಲ. ಬೇರೆ ದೋಣಿಗಳು ಹುಡುಕಿಕೊಂಡು ಹೋದವು. ಮಾರನೆಯ ದಿನ ಮಧ್ಯಾಹ್ನದವರೆಗೆ ನಾನು ಮರಳಿನಲ್ಲಿ ನಿಂತಿದ್ದೆ. ಆ ಹೊತ್ತು ಹೇಗಿತ್ತು ಅಂತ ಬರೆಯಲು ನನಗೆ ಬರುವುದಿಲ್ಲ. ಕೊನೆಗೆ ಒಂದು ದೊಡ್ಡ ದೋಣಿ ಅವರದನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂತು. ಐದು ತಲೆ ಎಣಿಸಿದೆ. ಐದೂ ಇತ್ತು.

ಜನ ಎಂಜಿನ್ನಿನ ಸುತ್ತ ಸೇರಿದರು. ಮುನಿರಾಜ ಒಣಗಿದ ತುಟಿಯಲ್ಲಿ ಹೇಳಿದ: ಹೋಗುವಾಗ ಖಾಲಿ ದೋಣಿಯನ್ನು ಮೆಲ್ಲಗೆ ಓಡಿಸಿದ್ದ, ಬರುವಾಗ ಮೀನಿನ ಭಾರಕ್ಕೆ ಮೊದಲು ಒಂದು ಹಿಡಿದುಕೊಂಡು, ತಿರುಗದೆ ನಿಂತಿತು, ಇನ್ನೊಂದನ್ನೇ ಪೂರ್ತಿ ಕೊಟ್ಟು ಓಡಿಸಿದ, ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ನಾನು ಒಂದರ ಹೆಡ್ಡು ಎತ್ತಿದೆ. ನೀರಿನ ದಾರಿ ತುಂಬ ಬೆಳ್ಳಗೆ ಉಪ್ಪು. ನೋಡಿದ ಕೂಡಲೇ ಅರ್ಥವಾಯಿತು. ಹೆಡ್ಡನ್ನು ಬೋರಲು ಹಾಕಿದೆ.

ಪೋಲಯ್ಯ ಕೇಳಿದ, “ಏನಾಗಿದೆ ಕೋಲಾರೂ? ಎರಡೂ ಒಟ್ಟಿಗೆ ಹೇಗೆ ಹೋಗುತ್ತೆ?”

ಆ ಪ್ರಶ್ನೆಯಲ್ಲೇ ನನಗೆ ದಾರಿ ಸಿಕ್ಕಿತು. ಅವು ಟೂ ಸ್ಟ್ರೋಕ್ ಎಂಜಿನ್ನು. ಪೆಟ್ರೋಲಿಗೇ ಆಯಿಲ್ ಕಲಸಬೇಕು. ಆಯಿಲ್ ಹಾಕುವುದು ಮರೆತರೆ ಒಂದೇ ಕ್ಯಾನಿನಿಂದ ಕುಡಿಯುವ ಎರಡು ಎಂಜಿನ್ನೂ ಹಿಡಿದುಕೊಳ್ಳುತ್ತವೆ. “ಆಯಿಲ್ ಸರಿಯಾಗಿ ಬಿದ್ದಿಲ್ಲ ಅನ್ಸುತ್ತೆ,” ಅಂದೆ. ಕ್ಯಾನು ಅಷ್ಟರಲ್ಲಿ ಖಾಲಿ, ಸಮುದ್ರದ ನೀರಲ್ಲಿ ತೊಳೆದುಹೋಗಿತ್ತು.

ಮುನಿರಾಜ, “ಹಾಕಿದ್ದೆ ಅಣ್ಣ,” ಅಂದ. ಎಲ್ಲರೂ ಅವನನ್ನೇ ನೋಡಿದರು. ಹೊರಡುವ ಗಡಿಬಿಡಿ, ಮಗುವಿನ ಸಂತೋಷ, ಯಾರೋ ಮಾತಾಡಿಸುತ್ತಿದ್ದರು. “ಹಾಕಿದ್ದೆ ಅನ್ಸುತ್ತೆ,” ಅಂದ ಎರಡನೇ ಸಲ.

ಮಾರನೆಯ ದಿನ ಶೆಡ್ಡಿನಲ್ಲಿ ಒಬ್ಬನೇ ಕೂತು ಇನ್ನೊಂದರ ಹೆಡ್ಡೂ ಎತ್ತಿದೆ, ಅದರಲ್ಲೂ ಉಪ್ಪು. ಆಮೇಲೆ ಎರಡು ಎಂಜಿನ್ನಿನ ಕೆಳಭಾಗವನ್ನೂ ಬಿಚ್ಚಿದೆ. ಒಳಗಿನ ಬೇರಿಂಗಿನ ಮೇಲೆ ಆಯಿಲ್ ಹೊಳೆಯುತ್ತಿತ್ತು. ಎರಡರಲ್ಲೂ. ಹಾಕಿದವನು ಸರಿಯಾಗಿ, ಅಳತೆಗೆ ಸರಿಯಾಗಿ ಹಾಕಿದ್ದ. ಬಾಗಿಲಾಚೆ ಮುನಿರಾಜ ನಿಂತು, “ಏನ್ ಕಾಣ್ತಣ್ಣ?” ಅಂತ ಕೇಳಿದ. ನಾನು ವೇಸ್ಟ್ ಬಟ್ಟೆ ತೆಗೆದುಕೊಂಡು ಬೇರಿಂಗು ಒರೆಸಿದೆ. ಒರೆಸಿದ ಮೇಲೆ, “ಒಣಗಿಹೋಗಿದೆ ಕಣೋ,” ಅಂದೆ.

ಈ ಕೆಲಸಕ್ಕೆ ಬರುವವರಿಗೆ ಹೇಳುತ್ತಿದ್ದೇನೆ. ಪಿನ್ನು ಮರೆತದ್ದು ತಪ್ಪು. ಸಮುದ್ರಕ್ಕೆ ಹೆದರಿದ್ದು ತಪ್ಪಲ್ಲ, ಹೆದರಿಕೆ ಯಾರಿಗೂ ಇರುತ್ತೆ, ಹೇಳಿಕೊಂಡಿದ್ದರೆ ಬೇರೆಯವರು ಹೋಗಿ ನೋಡುತ್ತಿದ್ದರು. ಬೇರಿಂಗು ಒರೆಸಿದ್ದಕ್ಕೆ ಏನು ಹೆಸರು ಕೊಡಬೇಕೋ ನನಗೆ ಗೊತ್ತಿಲ್ಲ.

ಮುನಿರಾಜನ ಜೊತೆ ಸಮುದ್ರಕ್ಕೆ ಹೋಗಲು ಆಳುಗಳು ಹಿಂದೆಮುಂದೆ ನೋಡಿದರು. ಜಗಳವೇನಿಲ್ಲ, ನಗುತ್ತಲೇ “ಆಯಿಲ್ ಮರ್ಚಿಪೋಯಿನೋಡು” ಅನ್ನುತ್ತಿದ್ದರು. ಆಯಿಲ್ ಮರೆತವನು ಅಂತ. ಪೋಲಯ್ಯ ದೋಣಿಯನ್ನು ನಡೆಸಲು ಬೇರೆಯವರಿಗೆ ಕೊಟ್ಟ. ಮೂರು ತಿಂಗಳಿಗೆ ನನ್ನ ತಮ್ಮ ಊರಿಗೆ ವಾಪಸ್ ಹೋದ. ಶ್ರೀನಿವಾಸಪುರದಲ್ಲಿ ಮಾವಿನ ತೋಟಗಳಿಗೆ ಔಷಧಿ ಹೊಡೆಯುವ ಪವರ್ ಸ್ಪ್ರೇಯರುಗಳ ರಿಪೇರಿ ಅಂಗಡಿ ಇಟ್ಟ. ಸೀಸನ್ನಿನಲ್ಲಿ ಮೆಷಿನ್ನು ತೆಗೆದುಕೊಂಡು ತೋಟಗಳಿಗೆ ತಾನೇ ಹೋಗುತ್ತಾನೆ. ನಾನು ಅಲ್ಲೇ ಉಳಿದೆ. ಎಂಜಿನ್ನುಗಳು ಬದಲಾದವು, ಫೋರ್ ಸ್ಟ್ರೋಕ್ ಬಂತು, ವೈರು ಚುಚ್ಚಿ ಕಾಯಿಲೆ ಓದುವ ಪೆಟ್ಟಿಗೆ ಬಂತು. ಅದನ್ನೂ ಕಲಿತೆ. ಆ ದಿನದಿಂದ ಒಂದು ಎಂಜಿನ್ನಿಗೂ ಹೆಡ್ಡು ಎತ್ತದೆ ಹೂಂ ಅನ್ನಲಿಲ್ಲ. ತಮ್ಮನ ಕಥೆ ಮಾತ್ರ ಹಾಗೇ ಇತ್ತು.

ಹೋದ ತಿಂಗಳು ಗೌನಿಪಲ್ಲಿಯ ಹತ್ತಿರ ಒಂದು ತೋಟದಲ್ಲಿ ಅವನು ಔಷಧಿ ಹೊಡೆಯುತ್ತಿದ್ದ. ಹೂವು ಉದುರಿ ಮಾವಿನ ಪಿಂದೆಕಾಯಿ ಕಚ್ಚುವ ಕಾಲ. ರತ್ನಮ್ಮ ಊಟದ ಬುತ್ತಿ ತೆಗೆದುಕೊಂಡು ಹೊರಟಿದ್ದಳು, ನಾನೂ ಜೊತೆಗೆ ಹೋದೆ. ದೂರದಿಂದಲೇ ಮರಗಳ ಮೇಲೆ ನೀಲಿ ಹೊಗೆ ಕಂಡಿತು. ತೋಟದ ಯಜಮಾನ ವೆಂಕಟರೆಡ್ಡಿ ಮೂಗು ಮುಚ್ಚಿಕೊಂಡು, “ಏನಪ್ಪಾ ಮುನಿರಾಜು, ಔಷಧಿ ಹುಳಕ್ಕಾ, ಹೊಗೆ ನಮಗಾ?” ಅನ್ನುತ್ತಿದ್ದ. ಸ್ಪ್ರೇಯರಿನದೂ ಟೂ ಸ್ಟ್ರೋಕ್ ಎಂಜಿನ್ನೇ, ಎರಡು ಸಲ ಕೆಮ್ಮಿ ನಿಂತಿತು. ನಾನು ಅಭ್ಯಾಸಬಲದಿಂದ ಪ್ಲಗ್ಗು ಬಿಚ್ಚಿದೆ. ಕಪ್ಪಗೆ, ಅಂಟಂಟಾಗಿ, ಆಯಿಲಿನಲ್ಲಿ ಅದ್ದಿ ತೆಗೆದ ಹಾಗಿತ್ತು.

“ಆಯಿಲ್ ಎಷ್ಟು ಹಾಕ್ತೀಯೋ?” ಅಂದೆ.

ರತ್ನಮ್ಮ ಬುತ್ತಿ ಕೆಳಗಿಟ್ಟು, “ಎರಡು ಸಲ ಹಾಕ್ತಾರೆ ಬಾವ,” ಅಂದಳು. “ಒಂದು ಸಲ ಹಾಕಿ ಮುಚ್ಚಳ ಮುಚ್ತಾರೆ. ಆಮೇಲೆ ಹಾಕಿದ್ನೋ ಇಲ್ವೋ ಅಂತ ಇನ್ನೊಂದ್ ಸಲ ಹಾಕ್ತಾರೆ. ಮನೇಲೂ ಅಷ್ಟೇ. ಗ್ಯಾಸ್ ಆರಿಸಿದ್ದೀನಾ ಅಂತ ಬಸ್ ಸ್ಟ್ಯಾಂಡಿನಿಂದ ವಾಪಸ್ ಬರ್ತಾರೆ.”

“ನನ್ ಕೈ ಮೇಲೆ ನಂಗೆ ನಂಬಿಕೆ ಇಲ್ಲಮ್ಮ, ಏನ್ ಮಾಡ್ಲಿ,” ಅಂತ ಅವನು ನಕ್ಕ. ನಗುವಾಗ ನನ್ನ ಮುಖ ನೋಡಲಿಲ್ಲ.

ಪ್ಲಗ್ಗು ನನ್ನ ಕೈಯಲ್ಲೇ ಇತ್ತು. ಪ್ಲಗ್ಗು ನೋಡಿ ಎಂಜಿನ್ನಿನ ಕಥೆ ಹೇಳುವುದು ನನ್ನ ಕಸುಬು. ದಡದಿಂದ ಇಪ್ಪತ್ತೈದು ನಾಟಿಕಲ್ ಮೈಲು ಆಚೆಗೆ ದೋಣಿ ನಡೆಸಿದ ಮನುಷ್ಯ ಒಂದು ಸ್ಪ್ರೇಯರಿನ ಮುಚ್ಚಳ ಮುಚ್ಚಲು ಹೆದರುತ್ತಿದ್ದ. ಅದು ನಾನು ಮಾಡಿದ ರಿಪೇರಿ.

“ಲೇ ಮುನಿರಾಜ,” ಅಂದೆ, “ಅವತ್ತು ನೀನು ಆಯಿಲ್ ಹಾಕಿದ್ದೆ.”

ಅವನು ತಲೆಯೆತ್ತಿದ. ನಾನು ನಿಲ್ಲಿಸದೆ ಎಲ್ಲ ಹೇಳಿದೆ. ಡ್ರಮ್ಮು, ಹೆದರಿಕೆ, ಬೆಣ್ಣೆ ಹಂಗೆ ಓಡ್ತು ಅಂದದ್ದು, ಹೆಡ್ಡಿನ ಉಪ್ಪು, ಒರೆಸಿದ ಬೇರಿಂಗು. ವೆಂಕಟರೆಡ್ಡಿ ಮೆಲ್ಲಗೆ ಬೇರೆ ಮರದ ಕಡೆ ಹೋದ. ಮುನಿರಾಜ ಬೈಯುತ್ತಾನೆ, ಹೊಡೆದರೂ ಹೊಡೆಯಲಿ ಅಂದುಕೊಂಡಿದ್ದೆ. ಅವನು ಪ್ರಶ್ನೆ ಕೇಳಿದ.

“ಎರಡರಲ್ಲೂ ಉಪ್ಪಿತ್ತಾ?”

“ಎರಡರಲ್ಲೂ.”

“ಬೇರಿಂಗ್ ಮೇಲೆ ಆಯಿಲ್ ಇತ್ತಾ? ನೀನು ಕಣ್ಣಾರೆ ನೋಡಿದ್ಯಾ?”

“ನೋಡ್ದೆ. ಹೊಳೀತಿತ್ತು.”

“ಅಳತೆ?”

“ಅಳತೆ ಸರಿಯಾಗಿತ್ತು ಕಣೋ.”

ಅವನು ಮರಕ್ಕೆ ಒರಗಿ ಎರಡು ಕೈಯನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡ. “ಲೇ ರತ್ನಾ,” ಅಂತ ಎದುರಿಗೇ ಇದ್ದ ಹೆಂಡತಿಯನ್ನು ದೂರದಲ್ಲಿರುವವಳನ್ನು ಕರೆದ ಹಾಗೆ ಕೂಗಿದ, “ನಾನು ಹಾಕಿದ್ದೆನಂತೆ ಕಣೇ!” ಕಣ್ಣಲ್ಲಿ ನೀರು, ಬಾಯಲ್ಲಿ ನಗು. ರತ್ನಮ್ಮ ನಗಲಿಲ್ಲ. “ಹನ್ನೊಂದು ವರ್ಷ ಬಾವ,” ಅಂದಳು. “ನಮ್ಮ ಮಗಳ ವಯಸ್ಸು ಅದು. ಮನೆಗೆ ಬಂದಾಗೆಲ್ಲ ನನ್ ಕೈಯಲ್ಲಿ ಊಟ ಮಾಡಿದ್ರಿ.”

ಮುನಿರಾಜ ಅಂಗಿಯಲ್ಲಿ ಕಣ್ಣೊರೆಸಿಕೊಂಡು, “ಪೋಲಯ್ಯನಿಗೆ ಫೋನ್ ಮಾಡು,” ಅಂದ.

“ಈಗಲಾ?”

“ಈಗ್ಲೇ. ಸ್ಪೀಕರ್ ಹಾಕು. ನಂಗೆ ಹೇಳಿದ್ದು ಅವನಿಗೂ ಹೇಳು. ಒಂದ್ ಅಕ್ಷರ ಬಿಡಬೇಡ.”

ಮಾಡಿದೆ. ಪೋಲಯ್ಯನಿಗೆ ಈಗ ವಯಸ್ಸಾಗಿದೆ, ಕಿವಿ ಮಂದ. ಎರಡೆರಡು ಸಲ ಕೂಗಿ ಹೇಳಬೇಕಾಯಿತು. ತೋಟದಲ್ಲಿ ಕೆಲಸ ಮಾಡುತ್ತಿದ್ದವರಿಗೆಲ್ಲ ಕೇಳಿತು.

“ನೀನು ಈ ಕಡೆ ಮುಖ ಹಾಕಬೇಡ ಕೋಲಾರೂ,” ಅಂದ ಪೋಲಯ್ಯ ತೆಲುಗಿನಲ್ಲಿ. “ಮುನಿರಾಜು ಅಲ್ಲಿದ್ದಾನಾ?”

“ಇದ್ದೀನಿ ಮಾಮಾ.”

“ಒರೇಯ್, ಆವತ್ತು ದೋಣಿಯಲ್ಲಿದ್ದವರಲ್ಲಿ ಮೂರು ಜನ ಇನ್ನೂ ಇಲ್ಲೇ ಇದ್ದಾರೆ. ಸಾಯಂಕಾಲ ಬಲೆ ಹೊಲಿಯೋ ಹತ್ತಿರ ಸಿಗ್ತಾರೆ. ನಾನೇ ಹೋಗಿ ಹೇಳ್ತೀನಿ. ಒಬ್ಬೊಬ್ಬರಿಗೂ ಹೇಳ್ತೀನಿ.” ಆಮೇಲೆ, “ನಾನೂ ಹೆಡ್ಡು ತಿರುಗಿಸಿ ನೋಡಬೇಕಿತ್ತು,” ಅಂದ.

ಫೋನು ಇಟ್ಟ ಮೇಲೆ ಮುನಿರಾಜ ಎದ್ದು ಸ್ಪ್ರೇಯರಿನ ಟ್ಯಾಂಕು ಬಗ್ಗಿಸಿ ಅದರಲ್ಲಿದ್ದದ್ದನ್ನು ಕ್ಯಾನಿಗೆ ಸುರಿದ. ಹೊಸದಾಗಿ ಪೆಟ್ರೋಲ್ ಹಾಕಿದ. ಆಯಿಲ್ ಅಳೆದು ಹಾಕಿದ, ಒಂದೇ ಸಲ. ಮುಚ್ಚಳ ಮುಚ್ಚಿದ. ಕೈ ಮತ್ತೆ ಮುಚ್ಚಳದ ಕಡೆ ಹೋಯಿತು, ಅಲ್ಲೇ ನಿಂತಿತು. ರತ್ನಮ್ಮನೂ ನಾನೂ ನೋಡುತ್ತಿದ್ದೆವು. ಅವನು ಕೈ ತೆಗೆದು ಹಗ್ಗ ಎಳೆದ. ಎಂಜಿನ್ನು ಹತ್ತಿಕೊಂಡಿತು. ಮೊದಲು ಒಂದಿಷ್ಟು ಹಳೆಯ ಹೊಗೆ ಕಾರಿತು, ಆಮೇಲೆ ಸದ್ದು ತಿಳಿಯಾಯಿತು.

“ಏನ್ ನೋಡ್ತಾ ನಿಂತಿದ್ಯಾ?” ಅಂದ ನನ್ನ ಕಡೆ ತಿರುಗಿ. “ಬಂದು ಪೈಪ್ ಎಳಿ.”

ಔಷಧಿ ಹೊಡೆಯುವವನ ಹಿಂದೆ ಉದ್ದದ ಪೈಪನ್ನು ಮರದಿಂದ ಮರಕ್ಕೆ ಸುತ್ತಿಕೊಳ್ಳದ ಹಾಗೆ ಎಳೆದು ಕೊಡಲು ಒಬ್ಬ ಬೇಕು. ಆ ಕೆಲಸ ನನಗೆ ಹೊಸದು. ನಾನು ಪಂಚೆ ಮೇಲೆ ಕಟ್ಟಿ, ಮುಖಕ್ಕೆ ಟವೆಲ್ ಸುತ್ತಿಕೊಂಡು ಎಳೆದೆ. ಅವನು ಒಂದೇ ಸಮ ಬೈದ. ಪೈಪು ಬೇರಿಗೆ ಸಿಕ್ಕಿದರೆ ಬೈದ, ತಡವಾಗಿ ಬಿಟ್ಟರೆ ಬೈದ, ಬೇಗ ಬಿಟ್ಟರೂ ಬೈದ. “ಎಳಿ ಅಂದ್ರೆ ಎಳೀಬೇಕು, ನಿಂತ್ಕೊಂಡು ಯೋಚ್ನೆ ಮಾಡಬಾರ್ದು!” ಹನ್ನೊಂದು ವರ್ಷ ನನ್ನ ಮುಂದೆ ದನಿಯೆತ್ತಿ ಮಾತಾಡದವನು. ಒಂದೊಂದು ಬೈಗುಳಕ್ಕೂ ನನ್ನ ಎದೆಯ ಮೇಲಿದ್ದದ್ದು ಒಂದಿಷ್ಟು ಇಳಿಯುತ್ತಾ ಹೋಯಿತು. ಇನ್ನೂ ಬೈಯಲಿ ಅನ್ನಿಸುತ್ತಿತ್ತು.

ಆರು ಮರ ಮುಗಿಯುವ ಹೊತ್ತಿಗೆ ಬೈಗುಳ ಕಡಿಮೆಯಾಯಿತು. ಏಳನೆಯ ಮರದ ಕೆಳಗೆ ಅವನು ಔಷಧಿ ಚಿಮ್ಮುವ ಗನ್ನು ಕೆಳಗಿಟ್ಟು, ಮುಖದ ಬಟ್ಟೆ ಸರಿಸಿ, “ಸುಸ್ತಾಯ್ತೇನಣ್ಣ?” ಅಂದ.

“ಇಲ್ಲ ಕಣೋ,” ಅಂದೆ. ಸುಸ್ತಾಗಿತ್ತು. “ಆಗಿದೆ,” ಅಂತ ತಿದ್ದಿಕೊಂಡೆ.

“ಹಂಗಾದ್ರೆ ಕೂತ್ಕೋ,” ಅಂದ. “ಉಣ್ಣೋಣ.”